ಗಾಣದ ಎಡಮಗ್ಗುಲು

ಪಾರ್ವತಮ್ಮನಂಥ ಬಾಯಿಬಡುಕಿ ಹೆಂಗಸು ಈ ಸೀಮೆಯಲ್ಲಿ ಇನ್ನೊಬ್ಬಳಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಂಬಿಕೊಂಡು ಸುಮ್ಮನಿದ್ದೆನೇ ಎಂದರೆ ಅದೂ ಇಲ್ಲ. ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಪಾಂಡವಪುರದಲ್ಲಿ ಯಾವುದೋ ಸಂಘದ ವಾರ್ಷಿಕೋತ್ಸವಕ್ಕೆ ಹಾಸ್ಯ ಭಾಷಣ ಮಾಡಲು ಕರೆದಾಗ ಅವಳ ಹೆಸರು ಬದಲಾಯಿಸಿ ಜನರನ್ನು ನಗಿಸಿದ್ದೂ ಉಂಟು. ಗಂಡನ ಎದುರಿಗೆ ನಿಂತು ಹೊತ್ತು ಹುಟ್ಟಿದಾಗಿನಿಂದ ಒಂದೇ ಸಮ ಬೈಯುವ ಹೆಂಡತಿ ಎಂದರೆ ಸಾಕು, ಗಂಡಸರು ತಮ್ಮ ಹೆಂಡತಿ ಎಲ್ಲಿ ಕೂತಿದ್ದಾಳೆ ಎಂದು ಒಮ್ಮೆ ನೋಡಿಕೊಂಡು ಆಮೇಲೆ ಧೈರ್ಯವಾಗಿ ನಗುತ್ತಾರೆ.

ಅವಳನ್ನು ನಾನು ಕಂಡದ್ದು ನಿಂಗರಾಜುವಿನ ಆಲೆಮನೆಯಲ್ಲಿ. ಪಾಂಡವಪುರ ಬಿಟ್ಟು ಶೀಳನೆರೆ ಕಡೆಗೆ ಹೋದರೆ ರಸ್ತೆಗಿಂತ ಮೊದಲು ಅದರ ವಾಸನೆ ಸಿಗುತ್ತದೆ. ನನ್ನ ಪಾಲಿಗೆ ಬಂದಿರುವ ತುಂಡು ಗದ್ದೆಯ ಕಬ್ಬು ಪ್ರತಿವರ್ಷ ಅಲ್ಲಿಗೇ ಹೋಗುತ್ತದೆ, ಕಬ್ಬಿನ ಹಿಂದೆ ನಾನೂ ಹೋಗುತ್ತೇನೆ. ಕಬ್ಬಿನ ಒಡೆಯ ತನ್ನ ಕಬ್ಬು ಅರೆದು, ಹಾಲು ಕೊಪ್ಪರಿಗೆಗೆ ಬಿದ್ದು, ಬೆಂದು, ಅಚ್ಚಿನಲ್ಲಿ ಬೆಲ್ಲವಾಗುವ ತನಕ ಅಲ್ಲೇ ಕೂತಿರಬೇಕು ಎಂಬುದು ಇಲ್ಲಿಯ ಕಟ್ಟಳೆ. ಕೂರದಿದ್ದರೆ ಬೆಲ್ಲ ಕಮ್ಮಿಯಾಗುತ್ತದೆ. ಹೇಗೆ ಕಮ್ಮಿಯಾಗುತ್ತದೆ ಎಂದು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಹೀಗಾಗಿ ಸೀಸನ್ನಿನಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ, ಒಂದು ಪೇಪರು, ಬೇಕಾದಷ್ಟು ಬಿಡುವು. ಕನ್ನಡಕ ಹಾಕಿಕೊಂಡು ಪೇಪರು ಓದುವವನನ್ನು ನಮ್ಮ ಕಡೆ ಮೇಷ್ಟ್ರು ಎನ್ನುತ್ತಾರೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು ಎಂದು ಮೊದಮೊದಲು ತಿದ್ದುತ್ತಿದ್ದೆ. ಮೇಷ್ಟ್ರು ಎನ್ನಿಸಿಕೊಳ್ಳುವುದರಲ್ಲಿ ಒಂದು ತೂಕವಿದೆ ಎಂದು ತಿಳಿದ ಮೇಲೆ ತಿದ್ದುವುದನ್ನು ಬಿಟ್ಟೆ.

ಗಾಣದ ಬಾಯಿಗೆ ಕಬ್ಬು ಕೊಡುತ್ತಿದ್ದವನು ಪಾರ್ವತಮ್ಮನ ಗಂಡ ಚಲುವಯ್ಯ. ಎಲುಬಿನ ಮೇಲೆ ಚರ್ಮ ಹೊದಿಸಿದಂಥ ಎತ್ತರದ ಮನುಷ್ಯ, ನರೆತ ಮೀಸೆ, ತಲೆಗೆ ಟವೆಲ್ಲು. ಮೂರು ಉಕ್ಕಿನ ಉರುಳೆಗಳು ಒಂದನ್ನೊಂದು ಉಜ್ಜಿಕೊಂಡು ತಿರುಗುತ್ತಿರುತ್ತವೆ. ಅವನು ಬಲಗೈಯಲ್ಲಿ ಕಬ್ಬಿನ ಹಿಡಿ ತೆಗೆದು ಅವುಗಳ ನಡುವೆ ತುರುಕುತ್ತಾನೆ. ಉರುಳೆ ಕಚ್ಚಿ ಎಳೆದುಕೊಳ್ಳುತ್ತದೆ. ಕೈ ಹಿಂದಕ್ಕೆ ಬರುತ್ತದೆ. ಮತ್ತೆ ಹಿಡಿ, ಮತ್ತೆ ಉರುಳೆ. ಗಾಣದ ಆಚೆ ಬದಿಯಲ್ಲಿ ಅವನ ಎದುರಿಗೇ ಪಾರ್ವತಮ್ಮ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಹಿಂಡಿ ಬಂದ ಸಿಪ್ಪೆಯನ್ನು ಎಳೆದೆಳೆದು ಹಾಕುವುದು ಅವಳ ಕೆಲಸ. ಮೋಟಾರಿನ ಸ್ವಿಚ್ಚು ಅವಳ ಬೆನ್ನ ಹಿಂದಿನ ಗೋಡೆಯಲ್ಲಿತ್ತು.

ಕೈಗೆ ಕೆಲಸ, ಬಾಯಿಗೂ ಕೆಲಸ.

“ಏ ಮುದ್ಕಪ್ಪಾ! ಕಣ್ ಬುಟ್ಕಂಡಿದ್ದೀಯೋ ಮುಚ್ಕಂಡಿದ್ದೀಯೋ?”

“ಬುಟ್ಕಂಡಿವ್ನಿ ಕಣಮ್ಮಿ.”

“ಬುಟ್ಕಂಡಿರೋ ಮಕ ಅಂಗಿರ್ತದಾ? ನಿಮ್ಮಪ್ಪ ಏನ್ ತಿನ್ಸಿ ಸಾಕಿದ್ನೋ ನಿನ್ನ!”

“ನಿಮ್ಮಪ್ಪ ಕೊಡ್ದೆ ಇರೋದ್ನೆಲ್ಲಾ ತಿನ್ಸಿದ್ದ.”

“ನಮ್ಮಪ್ಪನ್ ಸುದ್ದಿ ಎತ್ತಬ್ಯಾಡ ನೀನು. ಏಯ್! ಕೇಳುಸ್ತಾ?”

“ಕೇಳುಸ್ತು, ಕೇಳುಸ್ತು. ಸೀಮೆಗೆಲ್ಲಾ ಕೇಳುಸ್ತು.”

ಮೋಟಾರಿನ ಸದ್ದಿನ ಮೇಲೆ ಈ ಜಗಳ ಹೀಗೆ ಬೆಳಗಿನಿಂದ ಕರೆಂಟು ಹೋಗುವ ತನಕ. ಕರೆಂಟು ಹೋದೊಡನೆ ಇಬ್ಬರೂ ಬಾಯಿ ಮುಚ್ಚಿಕೊಂಡು ಒಂದೇ ತಟ್ಟೆಯ ಎದುರು ಕೂತು ಮುದ್ದೆ ಮುರಿಯುತ್ತಿದ್ದರು. ಆಗ ಬೈಗುಳವೂ ಇಲ್ಲ, ಮಾತೂ ಇಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಏನೂ ತೋಚಲಿಲ್ಲ.

ಒಮ್ಮೆ ಚಲುವಯ್ಯನ ಮೇಲೆ ಮರುಕ ಬಂದು ಕೇಳಿದೆ. “ಅಲ್ಲ ಚಲುವಯ್ಯ, ಇಷ್ಟು ಬೈಸಿಕೊಂಡು ಹೇಗಯ್ಯಾ ಇರ್ತೀಯ?”

“ಬೈಯ್ದೆ ಇದ್ರೆ ನಿದ್ದೆ ಬತ್ತದೆ ಮೇಷ್ಟ್ರೇ” ಎಂದು ಅವನು ಬೀಡಿ ಹಚ್ಚಿದ.

ಒಳ್ಳೆಯ ಜೋಕು ಎಂದು ನಾನು ಅದನ್ನೂ ಭಾಷಣಕ್ಕೆ ಸೇರಿಸಿಕೊಂಡೆ.

ಆಲೆಮನೆಯ ಒಡೆಯ ನಿಂಗರಾಜುವಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಅವನಿಗೆ ಬೇಸರವಾಗುತ್ತದೆ. ಎರಡು ಫೋನು ಇಟ್ಟುಕೊಂಡಿದ್ದಾನೆ. ಒಂದು ಬಡಿದುಕೊಂಡಾಗ ಇನ್ನೊಂದನ್ನು ನೋಡುತ್ತಾನೆ. ಆಲೆಮನೆಯ ಬೋರ್ಡಿನಲ್ಲಿ ಹೆಸರಿನ ಮುಂದೆ ‘ಬಿ.ಎ., ಪ್ರೊಪ್ರೈಟರ್’ ಎಂದು ಬರೆಸಿದ್ದಾನೆ. ಬಿ.ಎ. ಪಾಸಾಗಲಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, “ಪಾಸು ಅಂತ ನಾನೆಲ್ ಬರ್ಸಿವ್ನಿ?” ಎಂದನಂತೆ. ಕೆಟ್ಟವನಲ್ಲ. ಕೂಲಿ ಬಾಕಿ ಉಳಿಸಿಕೊಳ್ಳುವವನಲ್ಲ, ಆಳುಗಳ ಮನೆಯ ಮದುವೆಗೆ ಬೆಲ್ಲ ಕಳಿಸುವವನು. ಅವನ ಆಲೆಮನೆಯ ಕೂಲಿಯ ಪದ್ಧತಿ ಅವನು ಮಾಡಿದ್ದಲ್ಲ, ಅವನಪ್ಪನೂ ಮಾಡಿದ್ದಲ್ಲ. ನಾಗಮಂಗಲಕ್ಕೆ ಹೋದರೂ ಅದೇ, ಶ್ರೀರಂಗಪಟ್ಟಣಕ್ಕೆ ಹೋದರೂ ಅದೇ.

ಇಲ್ಲಿ ಕೂಲಿಯನ್ನು ಕೆಲಸ ನೋಡಿ ಕೊಡುವುದಲ್ಲ, ಆಳು ನೋಡಿ ಕೊಡುವುದು. ಮೀಸೆ ಹೊತ್ತ ಗಂಡಸು ಪೂರಾ ಆಳು. ಮೀಸೆ ಬರದ ಹುಡುಗ ಅರ್ಧಾಳು. ಮೀಸೆ ಹಣ್ಣಾಗಿ ಕೈ ನಡುಗತೊಡಗಿದವನೂ ಅರ್ಧಾಳು. ಗಂಡಸಾದವನು ಅರ್ಧದಿಂದ ಹತ್ತಿ ಪೂರಾ ಆಗಿ, ಕೊನೆಗೆ ಮತ್ತೆ ಅರ್ಧಕ್ಕೆ ಇಳಿಯುತ್ತಾನೆ. ಹೆಂಗಸಿಗೆ ಈ ಹತ್ತಿಳಿಯುವ ತಾಪತ್ರಯವಿಲ್ಲ. ಅವಳು ಹುಟ್ಟಿದಾಗಲೂ ಅರ್ಧ, ಗಟ್ಟಿ ಪ್ರಾಯದಲ್ಲೂ ಅರ್ಧ, ಮುದುಕಿಯಾದಾಗಲೂ ಅರ್ಧ.

ಚಲುವಯ್ಯ ಅಷ್ಟು ಹೊತ್ತಿಗೆ ಇಳಿಯುವ ಮೆಟ್ಟಿಲ ಮೇಲೇ ಇದ್ದ. ಗಾಣಕ್ಕೆ ನಿಂತಿರುವ ತನಕ ಮಾತ್ರ ಅವನು ಪೂರಾ ಆಳು. ಅಲ್ಲಿಂದ ಕಾಲು ತೆಗೆದ ದಿನ ಹೆಂಡತಿಯ ಪಕ್ಕದಲ್ಲಿ ನಿಂತು ಹೆಂಡತಿಯಷ್ಟೇ ಕೂಲಿಗೆ ಸಿಪ್ಪೆ ಎಳೆಯಬೇಕು. ಆ ಮಾತು ಎತ್ತಿದರೆ ಅವನ ಮೀಸೆ ಕುಣಿಯುತ್ತಿತ್ತು. “ಎಂಗಸ್ರು ಕೂಲಿಗೆ ನಾನು ಕೈ ಒಡ್ಡೋದಾ? ಕೈ ಓದ್ರೂ ಒಡ್ಡಕ್ಕಿಲ್ಲ” ಎನ್ನುತ್ತಿದ್ದ.

ಆ ಮಾತನ್ನು ಅವನು ಆಡುವಾಗ ಯಾರೂ ನಗುತ್ತಿರಲಿಲ್ಲ. ಯಾಕೆಂದರೆ ಅಲ್ಲೇ ಅಂಗಳದಲ್ಲಿ ಮಂಚಯ್ಯ ಇರುತ್ತಿದ್ದ. ಮಂಚಯ್ಯ ಒಂದು ಕಾಲದಲ್ಲಿ ಬೇರೆ ಯಾವುದೋ ಆಲೆಮನೆಯಲ್ಲಿ ಗಾಣಕ್ಕೆ ನಿಂತವನು. ಈಗ ಬಲಗೈ ಮಣಿಕಟ್ಟಿನವರೆಗೆ ಮಾತ್ರ ಇದೆ. ಎಡಗೈಗೆ ಹಗ್ಗ ಸುತ್ತಿಕೊಂಡು ಗೋಣಿತಾಟಿನ ಮೇಲೆ ಸಿಪ್ಪೆ ಎಳೆದುಕೊಂಡು ಹೋಗಿ ಬಿಸಿಲಿಗೆ ಹರಡುತ್ತಾನೆ. ಅರ್ಧಾಳು. ಊಟದ ಹೊತ್ತಿಗೆ ಎಲ್ಲರೂ ದುಂಡಗೆ ಕೂತರೆ ಅವನೊಬ್ಬ ಗೋಡೆಗೆ ಮುಖ ಮಾಡಿ ಕೂರುತ್ತಾನೆ. ಎಡಗೈಯಲ್ಲಿ ಮುದ್ದೆ ಮುರಿಯುವುದನ್ನು ನಾಲ್ಕು ಜನ ನೋಡಬಾರದು ಎಂದು. ಮದುವೆ ಮನೆಯ ಪಂಕ್ತಿಗಂತೂ ಅವನು ಹೋಗುವುದೇ ಇಲ್ಲ.

ಆದರೆ ಬಾಯಿ ಮಾತ್ರ ಚುರುಕು. ಒಂದು ಸಲ, ಕೇಳಬಾರದ್ದನ್ನು ಕೇಳಿಬಿಟ್ಟೆ. “ಕೈ ಹೋಯಿತಲ್ಲ, ಅವತ್ತಿನ ಕಬ್ಬಿನಹಾಲು ಏನು ಮಾಡಿದರಯ್ಯಾ? ಚೆಲ್ಲಿದರಾ?”

“ಎಲ್ ಚೆಲ್ಲಾರು ಮೇಷ್ಟ್ರೇ? ಕೊಪ್ಪರಿಗೆ ತುಂಬಿತ್ತಲ್ಲ. ಬೆಲ್ಲ ಮಾಡಿ ಮಾರ್ಕೆಟ್ಟಿಗೆ ಆಕುದ್ರು. ಬಣ್ಣ ವಸಿ ಕೆಂಪಗೆ ಬಂದಿತ್ತು ಅಂತ ಒಳ್ಳೆ ರೇಟು ಸಿಕ್ತಂತೆ” ಎಂದು ಅವನೇ ಮೊದಲು ನಕ್ಕ.

ನಾನು ಆ ವಾರ ಕಾಫಿಗೆ ಬೆಲ್ಲ ಬಿಟ್ಟು ಸಕ್ಕರೆ ಹಾಕಿಸಿಕೊಂಡೆ.

ಗಾಣ ಕೊಂಡಾಗ ಅದರ ಬಾಯಿಗೆ ಅಡ್ಡ ಹಾಕುವ ಒಂದು ದಪ್ಪ ತಗಡು ಜೊತೆಗೇ ಬಂದಿತ್ತು. ಕಬ್ಬು ಒಳಗೆ ಹೋಗುವಷ್ಟು ಸಂದಿ, ಕೈ ಹೋಗದಷ್ಟು ಸಂದಿ. ಅದನ್ನು ಹಾಕಿದರೆ ಕಬ್ಬು ನಿಧಾನವಾಗಿ ಹೋಗುತ್ತದೆ, ಕರೆಂಟು ಇರುವಷ್ಟರಲ್ಲಿ ಅರೆದು ಮುಗಿಯುವುದಿಲ್ಲ ಎಂದು ನಿಂಗರಾಜು ಮೊದಲ ವಾರವೇ ಬಿಚ್ಚಿಸಿದ್ದ. ಈಗ ಅದು ಸುಣ್ಣದ ಡ್ರಮ್ಮಿನ ಮುಚ್ಚಳವಾಗಿ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಭಾನುವಾರಗಳಲ್ಲಿ ಬುತ್ತಿ ತರುತ್ತಿದ್ದವಳು ಮೊಮ್ಮಗಳು ಸ್ನೇಹ. ತಾಯಿತಂದೆ ಇಲ್ಲದ ಹುಡುಗಿಯನ್ನು ಇವರೇ ಓದಿಸಿದ್ದರು. ಎಂ.ಎ., ಬಿ.ಎಡ್., ಎರಡೂ ಫಸ್ಟ್ ಕ್ಲಾಸು, ನಿಂಗರಾಜುವಿನದರ ಹಾಗಲ್ಲ, ನಿಜವಾಗಿ ಪಾಸು. ಪಾಂಡವಪುರದ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದಳು. ಬೇಸಿಗೆ ರಜೆಗೆ ಸಂಬಳವಿಲ್ಲ. ಉಳಿದ ತಿಂಗಳುಗಳಲ್ಲಿ ಬರುವ ಸಂಬಳವೂ ಹೆಬ್ಬೆಟ್ಟಿನ ತಾತ ಗಾಣದ ಮುಂದೆ ದುಡಿದು ತರುವುದಕ್ಕಿಂತ ಕಮ್ಮಿ. ಆ ಮನೆಯಲ್ಲಿ ಕಲಿತಷ್ಟೂ ಗಳಿಕೆ ಇಳಿಯುತ್ತಿತ್ತು.

“ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಇಷ್ಟೇನಾ?” ಎಂದೆ ಒಂದು ದಿನ.

“ಇಲ್ಲ ಸಾರ್. ಡ್ರಿಲ್ ಮೇಷ್ಟ್ರಿಗೆ ನನಗಿಂತ ಜಾಸ್ತಿ. ಅವ್ರು ಪಿಯುಸಿ.”

“ಅದ್ಯಾಕೆ?”

“ಅವ್ರಿಗೆ ಸಂಸಾರ ಐತಂತೆ. ನಂಗೆ ಇವತ್ತಲ್ಲ ನಾಳೆ ಮದ್ವೆ ಆಗ್ಬುಡ್ತದಂತೆ.”

ತಾತನ ಕಡೆಗೆ ತಿರುಗಿ ಅವಳು, “ತಾತ, ಸಾಕು ಬುಡು ಈ ಗಾಣ. ನನ್ ಸಂಬ್ಳ ಬರ್ತದಲ್ಲ” ಎಂದಳು.

ಚಲುವಯ್ಯ ಮೊಮ್ಮಗಳ ತಲೆ ಸವರಿದ. “ನಿನ್ ಸಂಬ್ಳ ನಿನ್ ಬಸ್ಸಿಗೇ ಸಾಲಕ್ಕಿಲ್ಲ ಕಣವ್ವ. ಇನ್ನೊಂದೀಟು ಓದು, ಆಮೇಕ್ ನೋಡವಾ.”

“ಇನ್ನೂ ಓದುದ್ರೆ ಅದೂ ನಿಂತೋಯ್ತದೆ” ಎಂದಳು ಪಾರ್ವತಮ್ಮ. ಎಲ್ಲರೂ ನಕ್ಕೆವು. ಸ್ನೇಹ ನಗಲಿಲ್ಲ. ಅವಳು ತಾತನ ಕಣ್ಣನ್ನೇ ನೋಡುತ್ತಿದ್ದಳು. ಎರಡು ಕಣ್ಣಿನ ಮೇಲೂ ತೆಳ್ಳಗೆ ಹಾಲಿನ ಕೆನೆ ಕಟ್ಟಿದ ಹಾಗಿತ್ತು. ಮುದ್ದೆ ಎಂದು ಅವನು ಕೈ ಚಾಚಿದ್ದು ನೀರಿನ ಚೊಂಬಿಗೆ.

ಮುಂದಿನ ಸೀಸನ್ನಿನಲ್ಲಿ ಬಿಸಿಲು ಬೇಗ ಬಂತು. ತ್ರೀಫೇಸ್ ಕರೆಂಟನ್ನು ನಸುಕಿಗೆ ಬಿಡುತ್ತಿದ್ದರು, ಹಾಗಾಗಿ ಕೋಳಿಗಿಂತ ಮೊದಲು ಆಳುಗಳು ಏಳಬೇಕು. ನನ್ನ ಕಬ್ಬಿನ ಸರದಿ ಬಂದ ದಿನ ನಾನು ಕುರ್ಚಿಯಲ್ಲಿ ಕೂತು ಪೇಪರು ಬಿಡಿಸಿದ್ದೆ. ಒಲೆಯ ಝಳ, ಮೋಟಾರಿನ ಗುಂಯ್ ಸದ್ದು, ಪಾರ್ವತಮ್ಮನ ಬೈಗುಳ, ಎಲ್ಲ ಯಥಾಪ್ರಕಾರ.

“ಏ ಮುದ್ಕಪ್ಪಾ, ಮೀಸೆ ಕರ್ರಗೆ ಮಾಡ್ಸ್ಕಂಡು ಯಾವಳ್ನ ನೋಡಕ್ ಓಗಿದ್ದೆ ನಿನ್ನೆ?”

“ನಿಮ್ಮವ್ವನ್ನ.”

“ನಮ್ಮವ್ವ ಸತ್ತು ಕಾಲ ಆಯ್ತು!”

“ಅದ್ಕೇ ಸಿಗ್ನಿಲ್ಲ.”

“ನಾಳೀಕ್ ಓಗು, ಸಿಕ್ತಾಳೆ. ಏಯ್, ಕಬ್ಬು ಸಣ್ಣಕ್ ಕೊಡು, ಒಂದೇ ಸಲ ತುರುಕ್ಬೇಡ.”

ಉತ್ತರ ಬರಲಿಲ್ಲ.

“ಏಯ್!”

ಬರಲಿಲ್ಲ. ನಾನು ಪೇಪರಿನಿಂದ ತಲೆ ಎತ್ತಲಿಲ್ಲ. ಅಂತೂ ಒಂದು ಸಲ ಸೋತ ಎಂದುಕೊಂಡೆನೇ ಹೊರತು ಇನ್ನೇನೂ ಇಲ್ಲ.

ಮೋಟಾರು ನಿಂತಿತು. ಅಷ್ಟು ಹೊತ್ತು ಇದ್ದ ಸದ್ದು ಇದ್ದಕ್ಕಿದ್ದಂತೆ ಇಲ್ಲವಾದರೆ ಕಿವಿಗೆ ಹೊಡೆದ ಹಾಗಾಗುತ್ತದೆ. ಉರುಳೆಗಳು ತಮ್ಮ ಭಾರಕ್ಕೇ ಇನ್ನೂ ಸ್ವಲ್ಪ ಹೊರಳಿ ನಿಂತವು. ಚಲುವಯ್ಯ ಗಾಣದ ಮುಂದೆ ಬಗ್ಗಿದಂತೆ ನಿಂತಿದ್ದ, ಬಗ್ಗಿಯೇ ಇದ್ದ. ಅವನ ಅಂಗಿಯ ಬಲತೋಳಿನ ಅಂಚು ಉರುಳೆಗಳ ನಡುವೆ ಹೋಗಿತ್ತು. ಕಬ್ಬಿನ ಜೊತೆಗೆ ಬಟ್ಟೆಯೂ ಹಿಂಡಿ, ಆಚೆಯಿಂದ ಚಪ್ಪಟೆಯಾಗಿ ಇಣುಕುತ್ತಿತ್ತು. ಬೆರಳುಗಳು ಈಚೆಗೆ ಇದ್ದವು, ಉಕ್ಕಿಗೆ ಒತ್ತಿಕೊಂಡು. ಗೋಡೆಯ ಸ್ವಿಚ್ಚಿನ ಮೇಲೆ ಪಾರ್ವತಮ್ಮನ ಕೈ ಇನ್ನೂ ಹಾಗೇ ಇತ್ತು.

“ತೂಕಡಿಸ್ಬುಟ್ಟೆ ಕಣಮ್ಮಿ” ಎಂದ ಚಲುವಯ್ಯ, ತಪ್ಪು ಮಾಡಿದ ಹುಡುಗನ ಹಾಗೆ.

ಕೊಪ್ಪರಿಗೆಯ ಹತ್ತಿರ ಇದ್ದವರು ಓಡಿ ಬಂದು ಕತ್ತಿಯಿಂದ ಅಂಗಿಯ ತೋಳು ಕೊಯ್ದು ಅವನನ್ನು ಬಿಡಿಸಿದರು. ಮಂಚಯ್ಯ ಮಾತ್ರ ಬರಲಿಲ್ಲ. ಅವನು ಅಂಗಳದಲ್ಲಿ ಬೆನ್ನು ಮಾಡಿ ಸಿಪ್ಪೆ ಹರಡುತ್ತಲೇ ಇದ್ದ.

ಆಮೇಲೆ ಪಾರ್ವತಮ್ಮ ನನ್ನ ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಬಂದು ಕೂತಳು. ಆಗಲೂ ನನ್ನ ಬಾಯಿಗೆ ಬಂದದ್ದು, “ಬೈದಿದ್ದಕ್ಕೆ ಕೋಪ ಮಾಡ್ಕೊಂಡು ಸುಮ್ನಾದ ಅಂದ್ಕೊಂಡೆ ಕಣಮ್ಮ” ಎಂಬ ಮಾತೇ.

“ನಾನು ಬೈದ್ರೆ ಅವ್ನು ತಿರುಗ್ ಬೈತಾನೆ ಮೇಷ್ಟ್ರೇ. ಬೈತಾವ್ನೆ ಅಂದ್ರೆ ಗ್ಯಾನ ಅದೆ ಅಂತ. ಸುಮ್ಕಾದ ಅಂದ್ರೆ ಕೈ ಎಲ್ಲೋಯ್ತು ಅಂತ ನೋಡ್ಬೇಕು. ಕಣ್ಣಂತೂ ಕಾಣಕ್ಕಿಲ್ಲ ಅವ್ನಿಗೆ. ಇನ್ನೆಂಗ್ ಕಾಯ್ಲಿ?”

ಹಾಗಾದರೆ ಅಷ್ಟೂ ದಿನ ನಾನು ಊರೂರಿಗೆ ಹೋಗಿ ಜನರನ್ನು ನಗಿಸಿದ್ದು ಇದನ್ನು ಹೇಳಿ. ಪೇಪರನ್ನು ಮಡಚಿ ಕಂಕುಳಿಗಿಟ್ಟೆ. ಇನ್ನೇನು ಮಾಡಲಿ.

ಮರುದಿನ ಬೆಲ್ಲ ತುಂಬಿಸಿಕೊಂಡು ಹೋಗಲು ಬಂದಾಗ ಚಲುವಯ್ಯ ಮತ್ತೆ ಗಾಣದ ಮುಂದೆಯೇ ನಿಂತಿದ್ದ. ಎರಡೂ ತೋಳನ್ನು ಹೆಗಲಿನವರೆಗೆ ಕತ್ತರಿಸಿದ ಅಂಗಿ. ರಾತ್ರಿ ಮನೆಯಲ್ಲಿದ್ದ ಅವನ ಅಂಗಿಗಳಿಗೆಲ್ಲ ಪಾರ್ವತಮ್ಮ ಕತ್ತರಿ ಹಾಕಿದ್ದಳಂತೆ. ಅವಳ ದನಿ ಹಿಂದಿನ ದಿನಕ್ಕಿಂತ ಜೋರಾಗಿತ್ತು. ಅವನ ಉತ್ತರಗಳು ಮಾತ್ರ ತಡವಾಗಿ ಬರುತ್ತಿದ್ದವು. ಪ್ರತಿ ಸಲ ತಡವಾದಾಗಲೂ ಅವಳ ಕೈ ತಾನಾಗಿ ಗೋಡೆಯ ಕಡೆಗೆ ಹೋಗುತ್ತಿತ್ತು. ಬೆಲ್ಲದ ತೂಕ ಮುಗಿಯುವ ತನಕ ನಾನು ಅದನ್ನೇ ನೋಡುತ್ತಿದ್ದೆ. ತೂಕ ಎಷ್ಟು ಬಂತು ಎಂದು ಇವತ್ತಿಗೂ ಗೊತ್ತಿಲ್ಲ.

ಕರೆಂಟು ಹೋಯಿತು. ಪಾರ್ವತಮ್ಮ ಸೀದಾ ನಿಂಗರಾಜುವಿನ ಮೇಜಿನ ಹತ್ತಿರ ಬಂದಳು.

“ಗೌಡ್ರೇ, ನಾಳಿಂದ ಗಾಣಕ್ಕೆ ನಾನ್ ನಿಂತ್ಕತೀನಿ. ನಮ್ ಯಜಮಾನನ್ನ ಸಿಪ್ಪೆ ಎಳ್ಯಕ್ಕೆ ಬುಡಿ.”

ನಿಂಗರಾಜು ಎರಡೂ ಫೋನು ಕೆಳಗಿಟ್ಟ. “ನೀನಾ ಪಾರ್ವತಮ್ಮ?”

“ಯಾಕೆ, ನಂಗ್ ಕೈ ಇಲ್ವಾ?”

“ಇರೋ ಕೈ ಉಳಿಸ್ಕಳವ್ವ. ಅದು ಗಂಡಾಳು ಕೆಲ್ಸ.”

“ಆಯ್ತು. ಗಂಡಾಳು ಕೂಲಿ ಕೊಡಿ, ಗಂಡಾಳು ಕೆಲ್ಸ ಮಾಡ್ತೀನಿ.”

ನಿಂಗರಾಜು ನನ್ನ ಕಡೆ ತಿರುಗಿ ಸಂತೋಷಪಟ್ಟ. “ನೋಡುದ್ರಾ ಮೇಷ್ಟ್ರೇ! ಮೊನ್ನೆ ಮಹಿಳಾ ದಿನಾಚರಣೇಲಿ ನಾನ್ ಏನಂದೆ? ಮಹಿಳೆ ಅಬಲೆ ಅಲ್ಲ ಅಂದ್ನೋ ಇಲ್ವೋ?”

ಅಂದಿದ್ದ. ಅದೇ ವೇದಿಕೆಯಲ್ಲಿ ನಾನೂ ಇದ್ದೆ. ನಮ್ಮಿಬ್ಬರಿಗೂ ಒಂದೊಂದು ಶಾಲು, ಒಂದೊಂದು ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಮಹಿಳೆಯರು ಕೆಳಗೆ ಕೂತು ಚಪ್ಪಾಳೆ ತಟ್ಟಿದ್ದರು.

“ಕೂಲಿ ಏನಂದ್ರಿ ಗೌಡ್ರೇ?” ಎಂದಳು ಪಾರ್ವತಮ್ಮ.

“ಅದೆಂಗಾದದು? ನಿಂಗ್ ಕೊಟ್ರೆ ನಾಳೆ ಕಬ್ಬು ಹೊರೋಳು ಕೇಳ್ತಾಳೆ, ನಾಡಿದ್ದು ಕಳೆ ಕೀಳೋಳು ಕೇಳ್ತಾಳೆ. ಸೀಮೆಗಿಲ್ದಿರೋ ಪದ್ಧತಿ ನನ್ ಆಲೆಮನೇಲಿ ಸುರು ಮಾಡ್ಸಬ್ಯಾಡ.”

ನಾನು ಗಂಟಲು ಸರಿಮಾಡಿಕೊಂಡೆ. “ನಿಂಗರಾಜು, ಒಂದೇ ಕೆಲಸಕ್ಕೆ ಒಂದೇ ಕೂಲಿ ಅಂತ ಕಾನೂನೇ ಇದೆಯಪ್ಪ.”

“ಇರ್ಲಿ ಬುಡಿ ಮೇಷ್ಟ್ರೇ, ನಾನೇನ್ ಬ್ಯಾಡ ಅಂದ್ನಾ?” ಎಂದು ಅವನು ನನಗೊಂದು ಟೀ ತರಿಸಿದ. ಟೀ ಬಿಸಿಯಾಗಿತ್ತು. ಕುಡಿಯುತ್ತ ನಾನು ಮುಂದೆ ಹೇಳಬೇಕೆಂದಿದ್ದ ಮಾತು ಮರೆತೆ.

“ಯಜಮಾನಂಗೆ?” ಎಂದಳು ಪಾರ್ವತಮ್ಮ.

“ಚಲುವಯ್ಯಂಗೆ ವಯಸ್ಸಾಯ್ತಲ್ಲ. ಸಿಪ್ಪೆ ಎಳೆಯೋರ್ಗೆ ಏನದೆಯೋ ಅದೇ. ನಂಗೇನ್ ಬಲವಂತ ಇಲ್ಲ ಕಣವ್ವ. ಅವ್ನೇ ಗಾಣಕ್ ನಿಂತ್ಕಳಂಗಿದ್ರೆ ಪೂರಾ ಆಳು ಕೂಲಿ ಈಗ್ಲೂ ಕೊಡ್ತೀನಿ. ಬ್ಯಾಡ ಅಂದ್ರೆ ಹೇಳು, ಬಡಗಣ ಕಡೆಯಿಂದ ಹಿಂದಿ ಹುಡುಗ್ರ ಗ್ಯಾಂಗು ಬತ್ತಾವ್ರೆ. ನಮ್ ಹುಡುಗ್ರಂತೂ ಒಬ್ಬರೂ ಸಿಕ್ತಿಲ್ಲ, ಎಲ್ಲಾ ಬೆಳ್ಳೂರು ಕ್ರಾಸಲ್ಲಿ ಹೋಟ್ಲು ಸೇರ್ಕಂಡವ್ರೆ.”

ಅವಳು ಲೆಕ್ಕ ಹಾಕುತ್ತಿದ್ದುದು ನನಗೂ ಕಾಣುತ್ತಿತ್ತು. ಅಲ್ಲಿಯವರೆಗೆ ಅವರ ಮನೆಗೆ ಬರುತ್ತಿದ್ದದ್ದು ಒಂದೂವರೆ ಆಳಿನ ಕೂಲಿ. ಇನ್ನು ಮುಂದೆ ಎರಡು ಅರ್ಧ. ಅದೇ ಗಾಣ, ಅದೇ ಕಬ್ಬು, ಅದೇ ಇಬ್ಬರು, ನಿಂತ ಜಾಗ ಮಾತ್ರ ಅದಲುಬದಲು. ಆ ಅದಲುಬದಲಿನಲ್ಲಿ ಅರ್ಧ ಆಳು ಎಲ್ಲಿಗೋ ಹೋಗಿಬಿಡುತ್ತಿದ್ದ.

ಗಾಣದ ಹತ್ತಿರ ಚಲುವಯ್ಯ ಕೂತಲ್ಲೇ ನಿದ್ದೆ ಹೋಗಿದ್ದ. ಬಲಗೈ ಅಂಗೈ ಮೇಲಾಗಿ ತೊಡೆಯ ಮೇಲೆ ಬಿದ್ದಿತ್ತು. ಅವಳು ಆ ಕೈಯನ್ನು ಒಮ್ಮೆ ನೋಡಿದಳು.

“ಆ ತಗಡಾದ್ರೂ ಆಕ್ಸಿ ಗೌಡ್ರೇ.”

“ಆಕ್ಸವಾ” ಎಂದ ನಿಂಗರಾಜು. ಒಂದು ಫೋನು ಬಡಿದುಕೊಂಡಿತು. ಅವನು ಇನ್ನೊಂದನ್ನು ನೋಡಿದ.

ಈ ವರ್ಷ ನನ್ನ ಕಬ್ಬಿನ ಸರದಿಗೆ ಹೋದಾಗ ಆಲೆಮನೆಯಲ್ಲಿ ಏನೋ ಕಮ್ಮಿಯಾಗಿದೆ ಅನ್ನಿಸಿತು. ಮೋಟಾರಿನ ಸದ್ದಿತ್ತು, ಒಲೆಯ ಸದ್ದಿತ್ತು, ಮೇಸ್ತ್ರಿ ಪುಟ್ಟಸ್ವಾಮಿ ಕೊಪ್ಪರಿಗೆಯ ಪಕ್ಕ ನಿಂತು ಕೂಗಾಡುವ ಸದ್ದೂ ಇತ್ತು. ಕುರ್ಚಿಯಲ್ಲಿ ಕೂತ ಮೇಲೆ ಗೊತ್ತಾಯಿತು. ಯಾರೂ ಯಾರನ್ನೂ ಬೈಯುತ್ತಿರಲಿಲ್ಲ.

ಚಲುವಯ್ಯ ಗಾಣದ ಆಚೆ ಬದಿಯಲ್ಲಿ ಸಿಪ್ಪೆ ಎಳೆಯುತ್ತಿದ್ದ. ಸ್ವಿಚ್ಚು ಈಗ ಅವನ ಬೆನ್ನಿಗೆ. ಬೈಯುವುದು ಈಗ ಅವನ ಕೆಲಸವಾಗಬೇಕಿತ್ತು. ಆದರೆ ಮೊದಲ ವಾರ ಹೆಂಗಸರ ಸಾಲಿನಲ್ಲಿ ನಿಂತು ಹೆಂಗಸರ ಕೂಲಿ ಇಸಕೊಂಡು ಬಂದಾಗಿನಿಂದ ಅವನು ಮಾತು ಬಿಟ್ಟಿದ್ದಾನಂತೆ. ಹೆಂಡತಿಯ ಹತ್ತಿರವೂ ಇಲ್ಲ, ಮೊಮ್ಮಗಳ ಹತ್ತಿರವೂ ಇಲ್ಲ. ಮೀಸೆ ಬೋಳಿಸಿಕೊಂಡುಬಿಟ್ಟಿದ್ದ. ಎಳೆಯುತ್ತ ಎಳೆಯುತ್ತಲೇ ಅವನ ಕಣ್ಣು ಮುಚ್ಚುತ್ತಿತ್ತು, ತೆರೆಯುತ್ತಿತ್ತು. ಮತ್ತೆ ಮುಚ್ಚುತ್ತಿತ್ತು.

“ಏನಯ್ಯಾ ಚಲುವಯ್ಯ, ಅವಳನ್ನ ನಾಲ್ಕು ಮಾತು ಬೈಯಬಾರದಾ?” ಎಂದೆ.

ಅವನು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದ, ಅಷ್ಟೆ.

ಸಿಪ್ಪೆಯ ತಾಟು ಎಳೆಯಲು ಬಂದ ಮಂಚಯ್ಯ ಹೇಳಿದ. “ನಾನೇ ಬೈತೀನಿ ಅಂದೆ ಮೇಷ್ಟ್ರೇ. ಕಂಡೋರ್ ಎಂಡ್ತಿ ಬೈಯಕ್ಕೆ ನೀನ್ಯಾವನ್ಲಾ ಅಂದ್ಬುಟ್ಲು.” ನಗುತ್ತಲೇ ಹೇಳಿದ. ಆದರೆ ಗಾಣದ ಕಡೆ ನೋಡದೆ, ಹಗ್ಗವನ್ನು ಎಡಗೈಗೆ ಸುತ್ತಿಕೊಂಡು ಬೇಗ ಬೇಗ ಹೊರಟುಹೋದ.

ಸುಣ್ಣದ ಡ್ರಮ್ಮಿಗೆ ಮುಚ್ಚಳ ಇದ್ದ ಹಾಗೇ ಇತ್ತು.

ಪಾರ್ವತಮ್ಮ ಗಾಣಕ್ಕೆ ನಿಂತಿದ್ದಳು. ಅವಳ ಗಂಡನೂ ಉಳಿದವರೂ ನಿಲ್ಲುತ್ತಿದ್ದ ಕಡೆಯಲ್ಲಲ್ಲ, ಗಾಣದ ಬಾಯಿಯ ಎಡಮಗ್ಗುಲಲ್ಲಿ. ಕಬ್ಬಿನ ರಾಶಿಯನ್ನು ಅಲ್ಲಿಗೇ ಹಾಕಿಸಿಕೊಂಡಿದ್ದಳು. ಸೀರೆಯ ಮೇಲೆ ಅದೇ ಹಳೆಯ ಅಂಗಿ. ಅದರ ಬಲತೋಳು ಮಣಿಕಟ್ಟಿನವರೆಗೆ ಇತ್ತು. ಎಡತೋಳನ್ನು ಹೆಗಲ ಹತ್ತಿರ ಕತ್ತರಿಸಿದ್ದಳು. ಬಲಗೈಯಲ್ಲಿ ಹಸಿರು ಗಾಜಿನ ಬಳೆ ತುಂಬ ಇದ್ದವು. ಎಡಗೈಯಲ್ಲಿ ಒಂದೂ ಇಲ್ಲ. ಗಂಡ ಬದುಕಿರುವಾಗಲೇ ಕೈ ಬೋಳು ಮಾಡಿಕೊಂಡಳು ಎಂದು ಊರಿನ ಹೆಂಗಸರು ಆಡಿಕೊಂಡರಂತೆ. ನಿಂಗರಾಜುವಿನ ತಾಯಿ ಮನೆಯಿಂದ ಬಳೆ ಕಳಿಸಿದ್ದರಂತೆ. ಅವನ್ನೂ ಇವಳು ಬಲಗೈಗೇ ಏರಿಸಿಕೊಂಡಿದ್ದಳು.

ಆ ಬೋಳು ಎಡಗೈ ಕಬ್ಬಿನ ಹಿಡಿ ಎತ್ತುತ್ತಿತ್ತು, ಉರುಳೆಯ ನಡುವೆ ತುರುಕುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ರೂಢಿಯಿಲ್ಲದ ಕೈ. ಹಿಡಿ ಒಮ್ಮೊಮ್ಮೆ ಜಾರುತ್ತಿತ್ತು. ಜಾರಿದ ಕಬ್ಬನ್ನು ಸರಿಮಾಡಲು ಬೆರಳು ಉರುಳೆಯ ಹತ್ತಿರ, ಇನ್ನೂ ಹತ್ತಿರ ಹೋಗುತ್ತಿತ್ತು. 

ನಾನು ಕುರ್ಚಿ ಎತ್ತಿಕೊಂಡು ಹೋಗಿ ಅವಳಿಗೆ ಕಾಣುವ ಹಾಗೆ ಕೂತೆ. ಸ್ವಿಚ್ಚಿನ ಹತ್ತಿರ ಕೂತಿದ್ದರೆ ಏನಾದರೂ ಉಪಯೋಗವಾಗುತ್ತಿತ್ತು. ಆದರೆ ಅಲ್ಲಿ ಸಿಪ್ಪೆಯ ಧೂಳು, ನನಗೆ ಕೆಮ್ಮು. ಮಾತನಾಡಿಸಿದರೆ ಎಚ್ಚರವಾಗಿರುತ್ತಾಳೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳಿದೆ. ಸ್ನೇಹ ಹೇಗಿದ್ದಾಳೆ ಎಂದೆ. ಅದೇ ಶಾಲೆ, ಅದೇ ಸಂಬ್ಳ ಎಂದಳು. ತಾತನ ಕಣ್ಣಿಗೆ ಆಪರೇಶನ್ ಮಾಡಿಸಬಾರದೇ ಎಂದೆ. ಸೀಸನ್ ಮುಗೀಲಿ ಎಂದಳು. ಬಿಸಿಲು ಜಾಸ್ತಿ ಅಲ್ಲವೇ ಎಂದೆ. ಅದಕ್ಕೆ ಅವಳು ಉತ್ತರವನ್ನೇ ಕೊಡಲಿಲ್ಲ. ನಾನು ಕುರ್ಚಿಯಿಂದ ಅರ್ಧ ಎದ್ದೆ. ನೋಡಿದರೆ ಎಚ್ಚರವಾಗೇ ಇದ್ದಳು. ಪ್ರಶ್ನೆ ಉತ್ತರಕ್ಕೆ ಯೋಗ್ಯವಾಗಿರಲಿಲ್ಲ, ಅಷ್ಟೆ.

ಆಚೆ ಬದಿಯಲ್ಲಿ ಚಲುವಯ್ಯನ ತಲೆ ಎದೆಯ ಮೇಲೆ ಬಾಗಿತು. ಸಿಪ್ಪೆ ಅವನ ಮುಂದೆ ರಾಶಿಯಾಗಿ ಏರುತ್ತಿತ್ತು. ಮೋಟಾರು ತಿರುಗುತ್ತಲೇ ಇತ್ತು. ಮತ್ತೇನು ಕೇಳಲಿ ಎಂದು ತಡಕಾಡಿ, ಕೊನೆಗೆ ಕೇಳಿದೆ.

“ಅಲ್ಲ ಪಾರ್ವತಮ್ಮ, ಎಲ್ಲರೂ ಬಲಗೈಲಿ ಕಬ್ಬು ಕೊಟ್ಟರೆ ನೀವೊಬ್ಬರು ಎಡಗೈಲಿ ಕೊಡ್ತೀರಲ್ಲ, ನೀವು ಎಡಚರಾ?”

ಅವಳು ಗಾಣದ ಬಾಯಿಂದ ಕಣ್ಣು ತೆಗೆಯಲಿಲ್ಲ.

“ಉಣ್ಣಕ್ಕೆ ಬಲಗೈ ಬೇಕಲ್ಲ ಮೇಷ್ಟ್ರೇ.”